ಡೆಂಕಾಲಿಗೆ ಕನಕಪುರದ ಮೇಲೆ ದಾರಿ

(ಚನ್ನಪಟ್ಟಣದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸವೆಂದರೆ ಪಂಪನೋ ಬಸವಣ್ಣನೋ ಕುಮಾರವ್ಯಾಸನೋ ಇರಬೇಕು ಎಂಬುದು ರೂಢಿ. ವಿಷಯ ಏನು ಸಾರ್ ಎಂದು ಸಂಘಟಕರು ಫೋನಿನಲ್ಲಿ ಕೇಳಿದಾಗ ನಾನು ‘ಕಾಮಿಕ್ಸು’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ‘ಹಾಸ್ಯವಾ ಸಾರ್?’ ಎಂದು ಕೇಳಿದರು. ಹಾಸ್ಯ ಅಲ್ಲಪ್ಪ, ಕಾಡು, ಗವಿ, ಗುಪ್ತಲೋಕ, ಅದನ್ನು ಹುಡುಕಿಕೊಂಡು ಹೋಗುವವರ ಚಿತ್ರಕಥೆ ಎಂದೆ. ‘ಮಕ್ಕಳ ಸಾಹಿತ್ಯ ಅಂತ ಹಾಕ್ಕೊಳ್ಳಲಾ?’ ಅಂದರು. ಹಾಕ್ಕೊಳ್ಳಿ ಅಂದೆ. ಆಹ್ವಾನಪತ್ರಿಕೆಯಲ್ಲಿ ಹಾಗೆಯೇ ಅಚ್ಚಾಗಿದೆ. ಆದರೆ ಇಲ್ಲಿ ಕೂತವರಲ್ಲಿ ಅರ್ಧಕ್ಕೂ ಹೆಚ್ಚು ಜನರ ತಲೆ ನನ್ನ ಹಾಗೆಯೇ ನೆರೆತಿದೆ. ಹಾಗಾಗಿ ದೊಡ್ಡವರ ಜೊತೆಗೇ ಮಾತಾಡುತ್ತೇನೆ.

ನಾನು ಇದೇ ಊರಿನಲ್ಲಿ ಸ್ಲೇಟು ಹಿಡಿದವನು. ಬಸ್ ನಿಲ್ದಾಣದ ಹತ್ತಿರ ಆಗ ಒಂದು ಪೆಟ್ಟಿಗೆ ಅಂಗಡಿ ಇತ್ತು. ಬೀಡಿ, ಬೆಂಕಿಪೊಟ್ಟಣ, ಕಡ್ಲೆಮಿಠಾಯಿಯ ಜೊತೆಗೆ ಹಗ್ಗಕ್ಕೆ ನೇತುಹಾಕಿದ ಹಳೆಯ ಪುಸ್ತಕಗಳು. ಅಲ್ಲೇ ಕಲ್ಲಿನ ಮೇಲೆ ಕೂತು ಓದಿದರೆ 5 ಪೈಸೆ, ಮನೆಗೆ ಒಯ್ದರೆ 10 ಪೈಸೆ, ರಟ್ಟು ಹರಿದರೆ ನಾಲ್ಕಾಣೆ ದಂಡ. ಚಂದಮಾಮ, ಬಾಲಮಿತ್ರ, ಬೊಂಬೆಮನೆ ಎಲ್ಲ ಅಲ್ಲಿದ್ದವು. ಎಲ್ಲಕ್ಕಿಂತ ಎತ್ತರದಲ್ಲಿ, ನಮ್ಮ ಕೈಗೆ ಎಟುಕದಂತೆ, ಇಂದ್ರಜಾಲ ಕಾಮಿಕ್ಸ್. ಮುಖವಾಡ ತೊಟ್ಟ ಫ್ಯಾಂಟಮ್, ಅವನ ಬಿಳಿಯ ಕುದುರೆ, ಅವನ ತೋಳ, ತಲೆಬುರುಡೆಯಾಕಾರದ ಗವಿ, ಗವಿಯನ್ನು ಕಾಯುವ ಬಾಂಡಾರ್ ಎಂಬ ಕುಳ್ಳರು, ಅವರ ವಿಷಬಾಣಗಳು. ಆ ಗವಿ ಇದ್ದದ್ದು ಗೊಂಡಾರಣ್ಯದೊಳಗೆ. ಆ ಅರಣ್ಯ ಇದ್ದದ್ದು ಡೆಂಕಾಲಿ ಎಂಬ ನಾಡಿನಲ್ಲಿ.

ಡೆಂಕಾಲಿ ಎಲ್ಲಿದೆ ಎಂಬ ವಿಷಯದಲ್ಲಿ ನನಗೆ ಯಾವ ಸಂಶಯವೂ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ನಮ್ಮ ಬೀದಿಗೆ ಹುಣಸೆಹಣ್ಣು ಮಾರಲು ಒಬ್ಬ ಮುದುಕ ಬರುತ್ತಿದ್ದ. ಅವನ ಕನ್ನಡದಲ್ಲಿ ಒಂದಿಷ್ಟು ತೆಲುಗು, ಒಂದಿಷ್ಟು ತಮಿಳು ಸೇರಿರುತ್ತಿತ್ತು. ಯಾವೂರು ಎಂದು ನಮ್ಮಜ್ಜಿ ಕೇಳಿದರೆ ‘ದೆಂಕಣಿಕೋಟೆ ಕಡೆ ತಾಯಿ, ಕಾಡು ದಾಟ್ಕಂಡ್ ಬರ್ಬೇಕು’ ಎನ್ನುತ್ತಿದ್ದ. ಅಷ್ಟು ಸಾಕಾಯಿತು. ದೆಂಕಣಿ, ಡೆಂಕಾಲಿ, ಅಚ್ಚಿನವರು ಒಂದಕ್ಷರ ತಪ್ಪು ಮಾಡಿದ್ದಾರೆ ಅಷ್ಟೆ. ಕನಕಪುರಕ್ಕೆ ಹೋಗಬೇಕು, ಅಲ್ಲಿಂದ ಕೋಡಿಹಳ್ಳಿ, ಆಮೇಲೆ ಕಾಡು. ಫ್ಯಾಂಟಮ್ಮನ ಗವಿಗೆ ಜಲಪಾತದ ಹಿಂದಿನಿಂದ ದಾರಿ ಇದೆಯಲ್ಲ, ಅದು ಅರ್ಕಾವತಿಯ ಚುಂಚಿ ಜಲಪಾತವೇ ಇರಬೇಕು. ಒಂದು ಇಂದ್ರಜಾಲದ ಹಿಂದಿನ ರಟ್ಟಿನ ಒಳಗಡೆ ಪೆನ್ಸಿಲಿನಲ್ಲಿ ನಕ್ಷೆಯನ್ನೂ ಬರೆದಿಟ್ಟಿದ್ದೆ. ಬಾಡಿಗೆ ಪುಸ್ತಕದಲ್ಲಿ ಬರೆದಿದ್ದಕ್ಕೆ ನಾಲ್ಕಾಣೆ ತೆತ್ತು, ಆ ಪುಸ್ತಕವನ್ನೇ ಕೊಂಡುಕೊಳ್ಳಬೇಕಾಯಿತು.

ಸತ್ಯ ಗೊತ್ತಾದದ್ದು ಕಾಲೇಜು ಮುಗಿದ ಎಷ್ಟೋ ವರ್ಷಕ್ಕೆ. ಲೀ ಫಾಕ್ ಎಂಬ ಅಮೆರಿಕದ ಕಥೆಗಾರ ಫ್ಯಾಂಟಮ್ಮನನ್ನು ಪತ್ರಿಕೆಯ ದಿನದ ಚಿತ್ರಪಟ್ಟಿಗಾಗಿ ಸೃಷ್ಟಿಸಿದ್ದು 1936ರಲ್ಲಿ. ಅದಕ್ಕೆ 2 ವರ್ಷ ಮೊದಲು ಜಾದೂಗಾರ ಮ್ಯಾಂಡ್ರೇಕನನ್ನು ತಂದಿದ್ದ. ಫ್ಯಾಂಟಮ್ಮನ ಕಾಡಿಗೆ ಅವನು ಕೊಟ್ಟ ಹೆಸರಿನಲ್ಲಿ ನಮ್ಮ ಬಂಗಾಳದ ವಾಸನೆ ಇತ್ತು. ಕಾಡು ಶುರುವಿನಲ್ಲಿ ಏಷ್ಯಾದ ಕಡೆ ಇದ್ದು ಬರಬರುತ್ತಾ ಆಫ್ರಿಕಕ್ಕೆ ಸರಿಯಿತು. ಕಡಲ್ಗಳ್ಳರಿಗೆ ಅವನು ಸಿಂಗ್ ಎಂದು ಹೆಸರಿಟ್ಟಿದ್ದ. 1964ರ ಮಾರ್ಚಿನಲ್ಲಿ ಟೈಮ್ಸ್ ಆಫ್ ಇಂಡಿಯಾದವರು ಇಂದ್ರಜಾಲ ಕಾಮಿಕ್ಸ್ ಶುರುಮಾಡಿದ ಮೇಲೆ ಇಂಥ ಹೆಸರುಗಳನ್ನು ಭಾರತದ ಓದುಗರಿಗೆಂದು ತಿದ್ದಿದರು. ಸಿಂಗ್ ಹೋಗಿ ಸಿಂಗಾ ಆಯಿತು. ಬಂಗಾಲ್ಲಾ ಹೋಗಿ ಡೆಂಕಾಲಿ ಆಯಿತು. ಬೊಂಬಾಯಿಯ ಒಂದು ಕಚೇರಿಯಲ್ಲಿ ಯಾರೋ ಮೇಜಿನ ಮುಂದೆ ಕೂತು ಇಲ್ಲದ ಊರಿಗೆ ಇನ್ನೊಂದು ಇಲ್ಲದ ಹೆಸರು ಇಟ್ಟರು. ಅದು ಚನ್ನಪಟ್ಟಣದ ಒಬ್ಬ ಹುಡುಗನ ಪಾಲಿಗೆ ಬಸ್ಸು ಹತ್ತಿ ಹೋಗಬಹುದಾದ ಊರಾಯಿತು.

ನಾನು ಇವತ್ತು ಹೇಳಬೇಕೆಂದಿರುವುದು ಈ ತಪ್ಪು ತಿಳಿವಳಿಕೆಯಲ್ಲೇ ಇದೆ. ಗುಪ್ತಲೋಕದ ಕಥೆಗೆ ಲೋಕಕ್ಕಿಂತ ಬಾಗಿಲು ಮುಖ್ಯ. ಒಳಗೆ ಏನು ಬೇಕಾದರೂ ಇರಲಿ, ಎರಡು ತಲೆಯ ಹಾವಿರಲಿ, ಮಾತಾಡುವ ಮರವಿರಲಿ, ನಾವು ತಕರಾರು ಮಾಡುವುದಿಲ್ಲ. ಬಾಗಿಲು ಮಾತ್ರ ನಮಗೆ ಗೊತ್ತಿರುವ ಗೋಡೆಯಲ್ಲೇ ಇರಬೇಕು. ಕನ್ನಡದ ಚಿತ್ರಕಥೆಗೆ ಲೋಕಗಳು ಬೇಕಾದಷ್ಟು ಬಂದವು. ಬಾಗಿಲನ್ನು ಕೊರೆಯುವ ಕೆಲಸ ಮಾತ್ರ ಬಾಕಿ ಉಳಿಯಿತು.

ಇದನ್ನು ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಅಮರ ಚಿತ್ರ ಕಥೆ ಎಂದ ಕೂಡಲೇ ನಮಗೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ನೆನಪಾಗುತ್ತಾರೆ. ಇಂದ್ರಜಾಲ ಶುರುವಾದಾಗ ಅವರು ಟೈಮ್ಸ್‌ನಲ್ಲೇ ಇದ್ದವರು. 1967ರಲ್ಲಿ ದೆಹಲಿಯ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಮಕ್ಕಳು ಗ್ರೀಕ್ ದೇವತೆಗಳ ಹೆಸರು ಪಟಪಟನೆ ಹೇಳಿ, ರಾಮನ ತಾಯಿ ಯಾರು ಎಂದಾಗ ತಬ್ಬಿಬ್ಬಾದ ಕಥೆಯನ್ನು ಎಲ್ಲರೂ ಕೇಳಿದ್ದೀರಿ. ಅಷ್ಟಾಗಿ ಕೇಳದ ಕಥೆ ಇನ್ನೊಂದಿದೆ. ಅದು ಬೆಂಗಳೂರಿನದು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿ ಪುಸ್ತಕ ಮಾರಾಟ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರಿಗೆ ಚಿತ್ರಕಥೆಗಳನ್ನು ಕನ್ನಡದಲ್ಲಿ ತರಬೇಕು ಎಂಬ ಯೋಚನೆ ಬಂತು. 1965ರಲ್ಲಿ ಹಾಗೆ ಬಂದ ಮೊದಲ ಹತ್ತೂ ಪಶ್ಚಿಮದ ಕಡೆಯಿಂದ ಬಂದ ಅದ್ಭುತ ಕಥೆಗಳು. ಅಮರ ಚಿತ್ರ ಕಥೆಯ ಇಂಗ್ಲಿಷ್ ಮಾಲಿಕೆ 11ನೆಯ ಸಂಖ್ಯೆಯಿಂದ, ಅಂದರೆ ‘ಕೃಷ್ಣ’ನಿಂದ ಶುರುವಾಗಲು ಇದೇ ಕಾರಣ, ಮೊದಲ ಹತ್ತನ್ನು ಕನ್ನಡ ತಿಂದುಬಿಟ್ಟಿತ್ತು.

ಆ ಹತ್ತರ ಪಟ್ಟಿಯನ್ನು ನೋಡಿದರೆ ನನಗೆ ಖುಷಿಯಾಗುತ್ತದೆ. ಅದರಲ್ಲಿ ಜ್ಯಾಕ್ ಇದ್ದಾನೆ. ಹಿತ್ತಲಿನಲ್ಲಿ ಬೆಳೆದ ಅವರೆ ಬಳ್ಳಿ ಹತ್ತಿ ಮೋಡದ ಮೇಲಿನ ರಾಕ್ಷಸನ ಮನೆಗೆ ಹೋದವನು. ಅಲ್ಲಾವುದ್ದೀನ ಇದ್ದಾನೆ, ನೆಲದ ಕೆಳಗಿನ ಗವಿಗೆ ಇಳಿದವನು. ಬಿರುಗಾಳಿಗೆ ಮನೆಯ ಸಮೇತ ಹಾರಿ ಆಜ್ ಎಂಬ ಮಾಯಾನಾಡಿನಲ್ಲಿ ಬಿದ್ದ ಹುಡುಗಿಯೂ ಇದ್ದಾಳೆ. ಒಬ್ಬ ಮೇಲಕ್ಕೆ, ಒಬ್ಬ ಕೆಳಕ್ಕೆ, ಒಬ್ಬಳು ಅಡ್ಡಡ್ಡಕ್ಕೆ. ಕನ್ನಡದ ಚಿತ್ರಕಥೆಯ ಪುಸ್ತಕ ಕಣ್ಣುಬಿಟ್ಟದ್ದೇ ಗುಪ್ತಲೋಕಗಳ ಕಡೆಗೆ. ಮುಂದೆ ಮಾಲಿಕೆ ಪುರಾಣ, ಇತಿಹಾಸಗಳ ಕಡೆ ಹೊರಳಿತು, ಆ ಹತ್ತು ಕೈಬಿಟ್ಟುಹೋದವು. ಅನಂತ ಪೈ ಮಾಡಿದ್ದು ಸಣ್ಣ ಕೆಲಸವಲ್ಲ, ಎರಡು ಮೂರು ತಲೆಮಾರಿಗೆ ಅವರು ಮಹಾಭಾರತ ಓದಿಸಿದರು. ಆದರೂ ಪುರಾಣವೆಂದರೆ ಎಲ್ಲರಿಗೂ ಮೊದಲೇ ಗೊತ್ತಿರುವ ಊರು. ಅಲ್ಲಿಗೆ ಹೋಗುವವನು ಯಾತ್ರಿಕ. ದಾರಿ ಗೊತ್ತಿಲ್ಲದೆ ಹೋಗುವವನ ಸುಖವೇ ಬೇರೆ, ಅದಕ್ಕೆ ಅವರೆ ಬಳ್ಳಿಯೇ ಬೇಕು.

ಆ ಹತ್ತರಲ್ಲೇ ಇನ್ನೊಬ್ಬನಿದ್ದಾನೆ. ಅವನನ್ನು ಹೆಸರಿಸದೆ ಈ ಊರಿನಿಂದ ಹೋಗುವ ಹಾಗಿಲ್ಲ. ಪಿನೋಕಿಯೊ, ಮರದ ಗೊಂಬೆ. ಬೇರೆಲ್ಲೋ ಅವನು ಸೋಜಿಗ ಇರಬಹುದು. ಇಲ್ಲಿ ಅವನು ನೆಂಟ. ಗೊಂಬೆ ಮಾಡುವವರಿರುವ ಕಲಾನಗರದ ಕಡೆ ಹೋಗಿ ನೋಡಿ, ಆಲೆ ಮರದ ಬೆಳ್ಳನೆಯ ತುಂಡು ತಿರುಗಣಿಗೆ ಏರುತ್ತದೆ, ಉಳಿ ತಾಗಿದ ಕೂಡಲೇ ಈರುಳ್ಳಿ ಸಿಪ್ಪೆಯ ಹಾಗೆ ಹೊಟ್ಟು ಹಾರುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಒಂದು ತಲೆ, ಒಂದು ಕುತ್ತಿಗೆ. ತಿರುಗುತ್ತಿರುವಾಗಲೇ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿದರೆ ತಿಕ್ಕಾಟದ ಬಿಸಿಗೆ ಅದು ಕರಗಿ ಮರಕ್ಕೆ ಅಂಟುತ್ತದೆ. ಮೇಲೆ ಕೇದಗೆಯ ಗರಿ ಹಿಡಿದರೆ ಕನ್ನಡಿಯ ಹೊಳಪು. ಟಿಪ್ಪುವಿನ ಕಾಲಕ್ಕೆ ಪರ್ಷಿಯದಿಂದ ಬಂದ ಕಸಬು ಎನ್ನುತ್ತಾರೆ. ಆಮೇಲೆ ಇಲ್ಲಿನ ಕುಶಲಕರ್ಮಿ ಬವಾಸ್ ಮಿಯಾ ಜಪಾನಿನ ಅರಗಿನ ಕೆಲಸದ ಪಟ್ಟುಗಳನ್ನು ಈ ಕಸಬಿಗೆ ತಂದರು. ಅಂದರೆ ಈ ಊರಿನ ಗೊಂಬೆಯ ಒಳಗೆ ಎರಡು ಹೊರದೇಶಗಳಿವೆ. ನೋಡಿದರೆ ಅಪ್ಪಟ ಚನ್ನಪಟ್ಟಣದ್ದು. ಪರದೇಶದ ಕಸಬನ್ನು ಇಷ್ಟು ಸಲೀಸಾಗಿ ಅರಗಿಸಿಕೊಂಡ ಊರಿಗೆ ಪರದೇಶದ ಚಿತ್ರಕಥೆಯನ್ನು ಅರಗಿಸಿಕೊಳ್ಳಲು ಯಾಕೆ ಆಗಲಿಲ್ಲ ಎಂದು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಒಂದು ಉತ್ತರ, ನಗಬೇಡಿ, ಒತ್ತಕ್ಷರ.

ಕಾಮಿಕ್ಸಿನಲ್ಲಿ ಮಾತು ಇರುವುದು ಪಾತ್ರಗಳ ತಲೆಯ ಮೇಲಿನ ಬುಗ್ಗೆಯಲ್ಲಿ. ಆ ಬುಗ್ಗೆಯನ್ನು ಊದಿದ್ದು ಇಂಗ್ಲಿಷಿನ ದೊಡ್ಡಕ್ಷರಗಳಿಗಾಗಿ. ಅವು ಸಿಪಾಯಿಗಳ ಹಾಗೆ ಒಂದೇ ಎತ್ತರದಲ್ಲಿ ಸಾಲಾಗಿ ನಿಲ್ಲುತ್ತವೆ. ತಲೆಯ ಮೇಲೆ ಟೋಪಿಯಿಲ್ಲ, ಕಾಲ ಕೆಳಗೆ ನೆರಳಿಲ್ಲ. ನಮ್ಮ ಅಕ್ಷರ ಮೂರು ಅಂತಸ್ತಿನ ಮನೆ. ಮೇಲೆ ತಲೆಕಟ್ಟು, ಗುಡಿಸು, ನಡುವೆ ಅಕ್ಷರದ ಹೊಟ್ಟೆ, ಕೆಳಗೆ ಒತ್ತು. ‘ಸ್ತ್ರೀ’ ಎಂದು ಬರೆದರೆ ನೆಲಮಾಳಿಗೆಯೂ ಬೇಕು. ಇಂಗ್ಲಿಷಿನ 4 ಸಾಲು ಕೂತ ಬುಗ್ಗೆಯಲ್ಲಿ ಕನ್ನಡದ 3 ಸಾಲು ಕೂರಿಸುವುದೇ ಕಷ್ಟ. ಮತ್ತೆ ನಮ್ಮ ಕ್ರಿಯಾಪದ ರೈಲುಗಾಡಿ. ‘ಹೋಗಬೇಕಾಗಿತ್ತಲ್ಲವೇ’ ಎಂಬುದು ಒಂದೇ ಪದ. ಕಿರಿದಾದ ಬುಗ್ಗೆಯಲ್ಲಿ ಅದನ್ನು ಎಲ್ಲಿ ಮುರಿಯುತ್ತೀರಿ? ಅನುವಾದಕ ಪಾಪ ಏನು ಮಾಡಬೇಕು? ಮಾತನ್ನು ಕತ್ತರಿಸಿದ. ಕತ್ತರಿಸುವಾಗ ಮೊದಲು ಹೋದದ್ದು ‘ಲಾ’, ‘ಕಣೋ’, ‘ಅಲ್ವೇನಪ್ಪ’ಗಳು, ಅಂದರೆ ಬಾಯಿಮಾತಿನ ಉಸಿರು. ಉಳಿದದ್ದು ಪಠ್ಯಪುಸ್ತಕದ ಕನ್ನಡ. ಹಾಗಾಗಿ ಗೊಂಡಾರಣ್ಯದ ಕುಳ್ಳರು ವಿಷಬಾಣ ಹೂಡಿಕೊಂಡು ‘ಎಲೈ ಆಗಂತುಕನೇ, ಅಲ್ಲಿಯೇ ನಿಲ್ಲು’ ಎನ್ನುವಂಥ ಕನ್ನಡ ಆಡುತ್ತಿದ್ದರು. ನಮ್ಮ ಬೀದಿಯಲ್ಲಾದರೆ ‘ಯಾವನ್ಲಾ ಅವ್ನು’ ಎಂದು ಮುಗಿಯುತ್ತಿತ್ತು. ಬುಗ್ಗೆಯಲ್ಲಿ ಜಾಗವೂ ಮಿಗುತ್ತಿತ್ತು!

ಸದ್ದಿನ ವಿಷಯ ಇನ್ನೂ ಬೇಸರದ್ದು. ಸದ್ದಿಗೆ ಪದಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಕಲ್ಲು ನೀರಿಗೆ ಬಿದ್ದರೆ ಗುಳುಂ, ಬಾವಿಗೆ ಬಿದ್ದರೆ ಗುಡುಂ, ಕೆಸರಿಗೆ ಬಿದ್ದರೆ ಪಚಕ್. ಹಾವು ಸರಸರ, ಒಣಗಿದೆಲೆ ಚರಚರ, ಬೆಂಕಿ ಚಟಚಟ. ಈ ಸಂಪತ್ತನ್ನು ಬಿಟ್ಟು ನಮ್ಮ ಚಿತ್ರಕಥೆಗಳಲ್ಲಿ ಬಂದೂಕು ಇಂಗ್ಲಿಷಿನಲ್ಲೇ ಸಿಡಿಯುತ್ತಿತ್ತು. ಸದ್ದನ್ನು ಚಿತ್ರದ ಜೊತೆಗೇ ಬರೆದಿರುತ್ತಿದ್ದುದರಿಂದ ಅಳಿಸಿ ಬರೆಯುವ ಗೋಜಿಗೆ ಯಾರು ಹೋಗುತ್ತಾರೆ?

ಚಂದಮಾಮ ಈ ತೊಂದರೆಯಿಂದ ಪಾರಾಯಿತು, ಯಾಕೆಂದರೆ ಅದರಲ್ಲಿ ಬುಗ್ಗೆಯೇ ಇರಲಿಲ್ಲ. ಒಂದು ಚಿತ್ರ, ಅದರ ಪಕ್ಕ ಕಥೆ. ಬಿ. ನಾಗಿರೆಡ್ಡಿ, ಚಕ್ರಪಾಣಿ ಅವರು 1947ರ ಜುಲೈಯಲ್ಲಿ ಅದನ್ನು ತೆಲುಗು, ತಮಿಳಿನಲ್ಲಿ ಶುರುಮಾಡಿದರು. 2 ವರ್ಷಕ್ಕೆ, 1949ರ ಜುಲೈಯಲ್ಲಿ, ಕನ್ನಡದ್ದು ಬಂತು. ಅದರ ರಕ್ಷಾಪುಟದ ಪುರಾಣ ಚಿತ್ರಗಳನ್ನು ಬರೆದು ಹೆಸರಾದ ಎಂ.ಟಿ.ವಿ. ಆಚಾರ್ಯ ನಮ್ಮವರೇ, ಬೆಂಗಳೂರಿಗೆ ಬಂದ ಮೇಲೆ ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಆದರೆ ನನ್ನ ಇವತ್ತಿನ ವಿಷಯಕ್ಕೆ ಬೇಕಾದವರು ಇನ್ನಿಬ್ಬರು. ಒಬ್ಬರು ದಾಸರಿ ಸುಬ್ರಹ್ಮಣ್ಯಂ. 1954ರಲ್ಲಿ ಬಾಲಚುಕ್ಕಿಯ ಹೆಸರಿನ ಧಾರಾವಾಹಿಯಿಂದ ಶುರುಮಾಡಿ, ಜ್ವಾಲಾದ್ವೀಪ, ಪಾತಾಳದುರ್ಗ, ಶಿಥಿಲಾಲಯ, ಯಕ್ಷಪರ್ವತ, ಮಾಯಾಸರೋವರ ಎಂದು ಒಂದರ ಹಿಂದೆ ಒಂದು ಬರೆದವರು. ಆ ಹೆಸರುಗಳನ್ನು ಕೇಳಿದರೇ ಸಾಕು, ಎಲ್ಲವೂ ಗುಪ್ತಲೋಕ. ಇನ್ನೊಬ್ಬರು ಅವಕ್ಕೆ ಚಿತ್ರ ಬರೆದ ಟಿ.ವಿ. ರಾಘವನ್, ಸಹಿ ‘ಚಿತ್ರಾ’ ಎಂದು. ಚಿತ್ರಾ ಅವರ ಹೆಸರು ಮೂಲೆಯಲ್ಲಿ ಕಾಣುತ್ತಿತ್ತು. ಕಥೆ ಬರೆದವರ ಹೆಸರು ಪುಸ್ತಕದಲ್ಲಿ ಇರುತ್ತಿರಲಿಲ್ಲ. ನಮಗೆಲ್ಲ ಚಂದಮಾಮವನ್ನು ಚಂದಮಾಮನೇ ಬರೆಯುತ್ತಾನೆ ಎಂಬ ನಂಬಿಕೆ. ದಾಸರಿಯವರ ಹೆಸರು ನನಗೆ ಗೊತ್ತಾದದ್ದು ಅವರು 2010ರಲ್ಲಿ ತೀರಿಕೊಂಡ ಮೇಲೆ. ಅರ್ಧ ದೇಶದ ಮಕ್ಕಳನ್ನು ತಿಂಗಳಿಗೊಮ್ಮೆ ಕಾಡಿಗೆ ಕರೆದುಕೊಂಡು ಹೋದವರು, ತಮ್ಮ ಹೆಸರನ್ನು ಮಾತ್ರ ಪೊದೆಯ ಹಿಂದೆಯೇ ಇಟ್ಟುಕೊಂಡರು.

ದಾಸರಿಯವರ ಕಥೆಗಳಲ್ಲಿ ಹೆಚ್ಚಾಗಿ ಇಬ್ಬರು ಹೊರಡುತ್ತಾರೆ. ಖಡ್ಗವರ್ಮ, ಜೀವದತ್ತ. ಶಿಖಿಮುಖಿ, ವಿಕ್ರಮಕೇಸರಿ. ಜಯಶೀಲ, ಸಿದ್ಧಸಾಧಕ. ಖಡ್ಗವರ್ಮನ ಕೈಯಲ್ಲಿ ಕತ್ತಿ ಇದ್ದರೆ ಜೀವದತ್ತನ ಕೈಯಲ್ಲಿ ಮಂತ್ರದಂಡ. ಕಂತಿನ ಕೊನೆಗೆ ಬಂಡೆ ಜರುಗುತ್ತದೆ, ಒಳಗಿನಿಂದ ಏನೋ ಗುಡುಗುತ್ತದೆ, ‘ಮುಂದುವರಿಯುವುದು’. ಕಾಮಿಕ್ಸಿನಲ್ಲಿ ಒಂದು ಚೌಕಕ್ಕೂ ಇನ್ನೊಂದಕ್ಕೂ ನಡುವೆ ಬಿಳಿಯ ಸಂದಿ ಇರುತ್ತದಲ್ಲ, ಓದುವವನು ತನ್ನ ತಲೆಯೊಳಗಿನ ಚಿತ್ರದಿಂದ ಅದನ್ನು ತುಂಬುತ್ತಾನೆ. ಚಂದಮಾಮದಲ್ಲಿ ಆ ಸಂದಿ 30 ದಿನ ಉದ್ದ. ಬಂಡೆಯ ಹಿಂದಿನಿಂದ ಏನು ಬರುತ್ತದೆ ಎಂದು ನಾವು ಇಡೀ ತಿಂಗಳು ಶಾಲೆಯ ಬೇಲಿಯ ಪಕ್ಕ ಕೂತು ಜಗಳವಾಡುತ್ತಿದ್ದೆವು. ಬಂದದ್ದಕ್ಕಿಂತ ನಾವು ಕಟ್ಟಿಕೊಂಡದ್ದೇ ಹೆಚ್ಚು ಚೆನ್ನಾಗಿರುತ್ತಿತ್ತು ಎಂದು ಈಗಲೂ ನನ್ನ ಅನಿಸಿಕೆ. ಇದೇ ನಾಗಿರೆಡ್ಡಿ, ಚಕ್ರಪಾಣಿಯವರು 1951ರಲ್ಲಿ ‘ಪಾತಾಳ ಭೈರವಿ’ ಸಿನಿಮಾ ತೆಗೆದದ್ದನ್ನು ನೆನೆಸಿಕೊಂಡರೆ, ಆ ಮನೆಗೆ ನೆಲದ ಕೆಳಗಿನ ಗೀಳು ಎಷ್ಟಿತ್ತು ಎಂದು ಗೊತ್ತಾಗುತ್ತದೆ. ಆದರೆ ಯಕ್ಷಪರ್ವತ ಯಾವ ಜಿಲ್ಲೆಯಲ್ಲಿದೆ? ದಕ್ಷಿಣದ ನಾಲ್ಕೂ ಭಾಷೆಗೆ, ಉತ್ತರದ ಭಾಷೆಗಳಿಗೆ ಹೊಂದಬೇಕಾದ ಬೆಟ್ಟಕ್ಕೆ ಜಿಲ್ಲೆ ಇರಲು ಸಾಧ್ಯವಿಲ್ಲ.

ಇನ್ನು ಹುಡುಕಿಕೊಂಡು ಹೋಗುವವರ ಮಾತು. ಗುಪ್ತಲೋಕ ಎನ್ನುವಾಗ ಯಾರಿಗೆ ಗುಪ್ತ ಎಂದು ಕೇಳಬೇಕಲ್ಲವೇ? ಬಾಂಡಾರರಿಗೆ ತಮ್ಮ ಕಾಡೇನೂ ಗುಪ್ತವಾಗಿರಲಿಲ್ಲ. ಆದರೂ ಅವರ ಕಾಡಿನ ನಡುವೆ 400 ವರ್ಷದಿಂದ, 21 ತಲೆಮಾರಿನಿಂದ, ಸಿಂಹಾಸನದ ಮೇಲೆ ಕೂತವನು ಹೊರಗಿನ ಬಿಳಿಯ. ಇದು ಬಾಲ್ಯದಲ್ಲಿ ನಮಗೆ ಹೊಳೆಯಲಿಲ್ಲ. ಹೊಳೆದ ಮೇಲೆ ಆ ಪುಸ್ತಕಗಳನ್ನು ಮೊದಲಿನ ಹಾಗೆ ಓದಲು ಆಗಲಿಲ್ಲ. ಓದುವುದನ್ನು ಬಿಟ್ಟೆನೆಂದಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ.

ಇದಕ್ಕೆ ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ಕೊಡುತ್ತೇನೆ. ಇ.ಎಂ. ಫಾರ್ಸ್ಟರ್ 1924ರಲ್ಲಿ ಬರೆದ ಕಾದಂಬರಿಯಲ್ಲಿ ಮರಬಾರ್ ಗವಿಗಳು ಬರುತ್ತವೆ. ಇಂಗ್ಲೆಂಡಿನಿಂದ ಬಂದ ಹೆಂಗಸರು ಗವಿ ನೋಡಲು ಹೋಗಿ, ಒಳಗೆ ಬರಿಯ ಪ್ರತಿಧ್ವನಿ ಕೇಳಿ ಬೆದರುತ್ತಾರೆ. ಅದಕ್ಕೆ ಮೂಲ ಬಿಹಾರದ ಬರಾಬರ್ ಗವಿಗಳು. ಡೇವಿಡ್ ಲೀನ್ ಆ ಕಾದಂಬರಿಯನ್ನು ಸಿನಿಮಾ ಮಾಡಲು ಬಂದಾಗ ಆ ನಿಜವಾದ ಗವಿಗಳ ಜಾಗ ಅವರಿಗೆ ಸಪ್ಪೆ ಅನ್ನಿಸಿತು. ಹುಡುಕುತ್ತಾ ಬಂದದ್ದು ನಮ್ಮ ಸಾವನದುರ್ಗಕ್ಕೆ, ರಾಮದೇವರ ಬೆಟ್ಟಕ್ಕೆ. ಬಂಡೆ ಸರಿ, ಗವಿ ಎಲ್ಲಿ? ಅದಕ್ಕೇನು, ಚಿತ್ರತಂಡದವರೇ ಬಂಡೆಯಲ್ಲಿ ಸಣ್ಣ ಗವಿಬಾಯಿಗಳನ್ನು ಕೊರೆದರು. 1984ರಲ್ಲಿ ಸಿನಿಮಾ ಬಂತು. ಲೋಕವೆಲ್ಲ ಆ ಬಾಗಿಲುಗಳನ್ನು ನೋಡಿ ಬೆದರಿತು. ನಾನು ಇಷ್ಟು ಹೊತ್ತಿನಿಂದ ಬಾಗಿಲು ಬಾಗಿಲು ಎನ್ನುತ್ತಿದ್ದೇನಲ್ಲ, ನಮ್ಮ ಗೋಡೆಗೆ ಬಾಗಿಲು ಕೊರೆಯಲು ಇಂಗ್ಲೆಂಡಿನವರು ಬರಬೇಕಾಯಿತು, ಅದರ ಹಿಂದೆ ಲೋಕವೂ ಇರಲಿಲ್ಲ. ಅದಕ್ಕೆ 10 ವರ್ಷ ಮೊದಲು ಅದೇ ರಾಮದೇವರ ಬೆಟ್ಟದ ಕೆಳಗೆ ಬೊಂಬಾಯಿಯ ಸಿನಿಮಾದವರು ರಾಮಗಢ ಎಂಬ ಇಡೀ ಊರನ್ನೇ ಕಟ್ಟಿ, ಗಬ್ಬರ್ ಸಿಂಗನನ್ನು ಬಂಡೆಗಳ ಮೇಲೆ ಓಡಾಡಿಸಿ, ಮುಗಿದ ಮೇಲೆ ಕಿತ್ತುಕೊಂಡು ಹೋಗಿದ್ದರು. ಇವತ್ತಿಗೂ ಪ್ರವಾಸಿಗಳು ಬಂದು ಆ ಊರು ಎಲ್ಲಿ ಎಂದು ಕೇಳುತ್ತಾರೆ. ಇಲ್ಲದ ಊರಿಗೆ ದಾರಿ ಹೇಳುವುದರಲ್ಲಿ ನಮ್ಮ ಆಟೋದವರು ನುರಿತಿದ್ದಾರೆ.

ಅದೇ ಬೆಟ್ಟದ ಕೊರಕಲಿನಲ್ಲಿ ಯಾರೂ ಕೊರೆಯದ ಲೋಕವೊಂದಿದೆ. ಉದ್ದಕೊಕ್ಕಿನ ರಣಹದ್ದುಗಳು ಅಲ್ಲಿ ಗೂಡು ಕಟ್ಟುತ್ತಿದ್ದವು. 2012ರಲ್ಲಿ ಸರ್ಕಾರ ಅದನ್ನು ರಣಹದ್ದುಗಳ ಧಾಮ ಎಂದು ಘೋಷಿಸಿತು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧ, ಸತ್ತ ದನವನ್ನು ತಿಂದ ಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ದೇಶದ ತುಂಬಾ ಅವನ್ನು ಸಾಯಿಸಿತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದರು. ದುರ್ಬೀನು ಹಿಡಿದು ಬಂಡೆಯ ಕೆಳಗೆ ಇಡೀ ದಿನ ಕೂತು ಹದ್ದು ಎಣಿಸುವವರನ್ನು ನಾನು ನೋಡಿದ್ದೇನೆ. ಕತ್ತಿ ಇಲ್ಲದ ಖಡ್ಗವರ್ಮರು. ಅವರು ಕೂತ ಬಂಡೆ ಸುಮಾರು 250 ಕೋಟಿ ವರ್ಷ ಹಳೆಯದು. ಭೂವಿಜ್ಞಾನಿಗಳು ಅದನ್ನು ಕರೆಯುವುದು ಕ್ಲೋಸ್‌ಪೇಟೆ ಗ್ರಾನೈಟ್ ಎಂದು, ರಾಮನಗರದ ಹಳೆಯ ಹೆಸರಿನಲ್ಲಿ. ಚಿತ್ರ ಬರೆಯುವವರು ಯಾರಾದರೂ ಇಲ್ಲಿದ್ದರೆ ಕೇಳಿಸಿಕೊಳ್ಳಿ: ನಿಲುವಾದ ಪುಟ, ಪುಟದ ತುಂಬ ಬಂಡೆ, ಮೂಲೆಯಲ್ಲಿ ಉಗುರಿನಷ್ಟು ಮನುಷ್ಯ.

ಕನ್ನಡದಲ್ಲಿ ಹುಡುಕಾಟದವರ ಒಳ್ಳೆಯ ಕಥೆ ಇಲ್ಲ ಎಂದು ನಾನು ಹೇಳುತ್ತಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂತು. ಹಾರುವ ಓತಿಯನ್ನು ಹುಡುಕಿಕೊಂಡು ಒಂದು ತಂಡ ಘಟ್ಟದ ಕಾಡಿಗೆ ನುಗ್ಗುತ್ತದೆ: ವಿಜ್ಞಾನಿ ಕರ್ವಾಲೊ, ಕಥೆ ಹೇಳುವ ರೈತ, ಫೋಟೊ ತೆಗೆಯುವ ಪ್ರಭಾಕರ, ಬಿರ್ಯಾನಿ ಕರಿಯಪ್ಪ, ಕಿವಿ ಎಂಬ ನಾಯಿ. ಆದರೆ ಆ ಓತಿಯನ್ನು ಮೊದಲು ಕಂಡವನು ಮಂದಣ್ಣ, ಜೇನು ಹಿಡಿಯುವ ಹಳ್ಳಿಯ ಹುಡುಗ. ವಿಜ್ಞಾನಿ ಮಂದಣ್ಣನ ಬೆನ್ನು ಹತ್ತಿದ, ಮಂದಣ್ಣ ವಿಜ್ಞಾನಿಯ ಬೆನ್ನು ಹತ್ತಲಿಲ್ಲ. ಡೆಂಕಾಲಿಯ ಸಿಂಹಾಸನವನ್ನು ತೇಜಸ್ವಿ ತಲೆಕೆಳಗೆ ಮಾಡಿದ್ದು ಹೀಗೆ, ಅದೂ ಯಾವ ಭಾಷಣವೂ ಇಲ್ಲದೆ. ಕೊನೆಗೆ ಓತಿ ಕೈಗೆ ಸಿಗದೆ ಕಣಿವೆಯೊಳಕ್ಕೆ ತೇಲಿಹೋಗುತ್ತದೆ. ಓದುವಾಗಲೆಲ್ಲ ಅದು ನನಗೆ ಚೌಕ ಚೌಕವಾಗಿ ಕಾಣುತ್ತದೆ. ಕೊನೆಯ ಚೌಕದಲ್ಲಿ ಏನೂ ಇಲ್ಲ, ಬರಿಯ ಕಣಿವೆ.

ಮಲೆನಾಡಿಗೆ ತೇಜಸ್ವಿ ಸಿಕ್ಕರು. ನಮ್ಮ ಈ ಒಣ ಸೀಮೆಗೆ, ಹಿಪ್ಪುನೇರಳೆಯ ಸೀಮೆಗೆ, ಬಾಗಿಲು ಯಾವುದು? ಇದಕ್ಕೆ ನನ್ನ ಉತ್ತರ ಓದಿ ಬಂದದ್ದಲ್ಲ, ಕೇಳಿ ಬಂದದ್ದು. ನಮ್ಮ ಮನೆಯ ಮುಂದೆ ತಂಬೂರಿ ಹಿಡಿದು, ಗಗ್ಗರ ಕುಟ್ಟುತ್ತಾ ನೀಲಗಾರರು ಎಂಬ ಹಾಡುಗಾರರು ಬರುತ್ತಿದ್ದರು. ಅವರು ಹಾಡುತ್ತಿದ್ದದ್ದು ಮಂಟೇಸ್ವಾಮಿ ಎಂಬ ಗುರುವಿನ ಕಥೆ. ಅದರಲ್ಲಿ ಬರುವ ಊರುಗಳನ್ನು ಗಮನಿಸಿ. ಅವನ ಶಿಷ್ಯ, ಮುಂದೆ ಸಿದ್ದಪ್ಪಾಜಿ ಆಗುವ ಕೆಂಪಾಚಾರಿ ಹುಟ್ಟಿದ್ದು ನಿಡಘಟ್ಟದಲ್ಲಿ. ನಿಡಘಟ್ಟ ಎಲ್ಲಿ? ಇಲ್ಲಿಂದ ಮದ್ದೂರಿಗೆ ಹೋಗುವ ದಾರಿಯಲ್ಲಿ. ಹೊಸ ಹೆದ್ದಾರಿಯ ಮೊದಲ ಭಾಗ ಮುಗಿಯುವುದೇ ಅಲ್ಲಿ. ಗುರು ಅವನನ್ನು ಕಬ್ಬಿಣದ ಭಿಕ್ಷೆಗೆ ಕಳಿಸಿದ್ದು ಹಲಗೂರಿಗೆ. ಅಲ್ಲಿನ ಪಾಂಚಾಳರು ಕಬ್ಬಿಣ ಕೊಡಲೊಪ್ಪದೆ ಅವನನ್ನು ನಾನಾ ಪರೀಕ್ಷೆಗೆ ಒಡ್ಡಿದರು. ಹಲಗೂರಿಗೆ ಈಗಲೂ ನಮ್ಮ ಸಾತನೂರಿನ ಮೇಲೆ ಹೋಗಬಹುದು. ಕೊನೆಗೆ ಮಂಟೇಸ್ವಾಮಿ ಬೊಪ್ಪೇಗೌಡನಪುರದಲ್ಲಿ ಪಾತಾಳಕ್ಕೆ ಇಳಿಯುತ್ತಾನೆ. ಯಕ್ಷಪರ್ವತದ ಹಾಗೆ ತಲೆ ಕೆರೆದುಕೊಳ್ಳಬೇಕಾಗಿಲ್ಲ, ಮಳವಳ್ಳಿ ತಾಲ್ಲೂಕು. ಜನ ಪ್ರತಿವರ್ಷ ಹೋಗಿ ಕೈಮುಗಿದು ಬರುತ್ತಾರೆ. ಪಾತಾಳಕ್ಕೆ ತಾಲ್ಲೂಕು, ಹೋಬಳಿ, ಬಸ್ಸು ಎಲ್ಲ ಇರುವ ಕಾವ್ಯವನ್ನು ಪಕ್ಕದಲ್ಲಿಟ್ಟುಕೊಂಡು ನಾವು ಡೆಂಕಾಲಿಗೆ 10 ಪೈಸೆ ಬಾಡಿಗೆ ತೆತ್ತೆವು.

ಎಚ್ಚರಿಕೆಯ ಒಂದು ಮಾತು. ಮಂಟೇಸ್ವಾಮಿಯನ್ನು ಹಾಗೆಯೇ ಚಿತ್ರಕ್ಕಿಳಿಸಿ, ನೀತಿಯ ಬಾಲ ಅಂಟಿಸಿ, ಶಾಲೆಗಳಿಗೆ ಹಂಚುವ ಯೋಜನೆಯನ್ನು ಯಾರಾದರೂ ತಂದರೆ ನಾನು ವಿರೋಧಿಸುತ್ತೇನೆ. ಅದು ಹಾಡುವವರ ಸೊತ್ತು, ನಂಬಿದವರ ದೇವರು. ಅಲ್ಲಿಂದ ನಾವು ಕಡ ತರಬೇಕಾದದ್ದು ಆ ಧೈರ್ಯವನ್ನು, ಅಂದರೆ ಲೋಕದ ಬಾಯಿಯನ್ನು ಗೊತ್ತಿರುವ ಊರಿನಲ್ಲೇ ಇಡುವ ಧೈರ್ಯವನ್ನು. ನೀಲಗಾರ ಹಾಡುವಾಗ ‘ಹಲಗೂರು’ ಎಂದ ಕೂಡಲೇ ಕೇಳುವವರ ಕತ್ತು ಆ ದಿಕ್ಕಿಗೆ ಒಂದಿಷ್ಟು ತಿರುಗುವುದನ್ನು ನಾನು ಕಂಡಿದ್ದೇನೆ. ಚಿತ್ರಕಥೆಯ ಪುಟ ಓದುವ ಹುಡುಗಿಯ ಕತ್ತೂ ಹಾಗೆ ತಿರುಗಬೇಕು. ಕಣ್ವ ಜಲಾಶಯದ ನೀರು ಇಳಿದಾಗ ಕೆಸರಿನಲ್ಲಿ ಕಾಣುವ ಮೆಟ್ಟಿಲು ಎಂದು ಮೊದಲ ಚೌಕ ಬರೆಯಿರಿ. ಅಥವಾ ಕಲಾನಗರದಲ್ಲಿ ಒಂದು ಗೊಂಬೆ. ತಿರುಚಿದರೆ ಎರಡಾಗುತ್ತದೆ, ಒಳಗೆ ಇನ್ನೊಂದು, ಅದರೊಳಗೆ ಇನ್ನೊಂದು, ಕೊನೆಯದನ್ನು ತೆರೆದರೆ ಗಾಳಿ ಬೀಸುತ್ತದೆ. ಮೆಟ್ಟಿಲು ಇಳಿಯುವವರು ಹೊರಗಿನಿಂದ ಬರುವುದು ಬೇಡ. ಅಂಗಡಿಯಲ್ಲಿ ಅರಗು ಕರಗಿಸುವ ಹುಡುಗಿ, ರೇಷ್ಮೆಗೂಡಿನ ಮಾರುಕಟ್ಟೆಗೆ ಲಗೇಜು ಆಟೋ ಓಡಿಸುವ ಅವಳ ಅಣ್ಣ, ಸಾಕು. ಅವರು ‘ಬಾರ್ಲಾ’, ‘ಹೋಗ್ಲಾ’ ಎಂದೇ ಮಾತಾಡಲಿ. ಬಂಡೆ ಬಿದ್ದರೆ ದಬಾರ್ ಎನ್ನಲಿ. ಬುಗ್ಗೆಯನ್ನು ಕನ್ನಡಕ್ಕೆ ತಕ್ಕ ಎತ್ತರಕ್ಕೆ ಊದಿ, ಒತ್ತಕ್ಷರಕ್ಕೆ ಕಾಲು ಚಾಚಲು ಜಾಗ ಕೊಡಿ.

ಗಡಿಯಾರ ನೋಡುತ್ತಿರುವ ಕಾರ್ಯದರ್ಶಿಗಳು ನನಗೆ ಕಾಣುತ್ತಿದ್ದಾರೆ. ಇನ್ನೊಂದೇ ವಿಷಯ. ನಾಲ್ಕಾಣೆ ತೆತ್ತು ಕೊಂಡ ಆ ಇಂದ್ರಜಾಲವನ್ನು ಇವತ್ತು ತಂದಿದ್ದೇನೆ. ಆಮೇಲೆ ಬಂದು ನೋಡಬಹುದು, ಆದರೆ ಒದ್ದೆ ಕೈಯಲ್ಲಿ ಮುಟ್ಟಬೇಡಿ. ಹಿಂದಿನ ರಟ್ಟಿನ ಒಳಗಡೆ ನಕ್ಷೆ ಇದೆ. ಎಡತುದಿಯಲ್ಲಿ ನಮ್ಮ ಮನೆ, ಮನೆಗಿಂತ ದೊಡ್ಡದಾಗಿ ಬರೆದ ಪೆಟ್ಟಿಗೆ ಅಂಗಡಿ. ಅಲ್ಲಿಂದ ಒಂದು ಗೆರೆ ಸಾತನೂರಿಗೆ, ಕನಕಪುರಕ್ಕೆ, ಕೋಡಿಹಳ್ಳಿಗೆ. ಕೋಡಿಹಳ್ಳಿಯ ಆಚೆ ಪೆನ್ಸಿಲನ್ನು ಒತ್ತಿ ಒತ್ತಿ ಕಪ್ಪು ಮಾಡಿದ ಕಾಡು, ಕಾಡಿನಲ್ಲಿ ಒಂದು ಆನೆ. ಆನೆಗೆ ಕಾಲು ಐದಿವೆ. ಆನೆಯ ಮುಂದೆ ಒಂದು ಬಾಣದ ಗುರುತು ಬಲಕ್ಕೆ ತಿರುಗಿದೆ. ಬಲಗಡೆಯ ಮೂಲೆ ಯಾವಾಗಲೋ ಹರಿದುಹೋಗಿದೆ. ಡೆಂಕಾಲಿ ಇದ್ದದ್ದು ಅಲ್ಲೇ.